ಚಂದಮ್ಮನನ್ನು ಪಂಕ್ತಿಗೆ ಕರೆಯದ ಹನ್ನೊಂದು ವರ್ಷ

ಸೈಕಲ್ ಹೊಡೆಯುತ್ತ ಕನಸು ಕಾಣುವ ಚಟ ನನಗೆ ಮೊದಲಿನಿಂದಲೂ ಇತ್ತು. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಮುಂದೆ ನಾನು ಒಪ್ಪಿಕೊಳ್ಳಲಿರುವ ತಪ್ಪು ಹುಟ್ಟಿದ್ದು ಇದೇ ಚಟದಿಂದ. ನಿಂಬರ್ಗಾದಿಂದ ಸುತ್ತಲಿನ ಊರುಗಳಿಗೆ ಹೋಗುವ ಬಂಡಿದಾರಿ, ಎರಡೂ ಕಡೆ ಹಳದಿ ಹೂ ಬಿಟ್ಟ ತೊಗರಿ, ಮೇಲೆ ಮಳೆಗಾಲ ಮುಗಿದ ತಿಳಿಬಿಸಿಲು. ಕಾಲು ತನ್ನ ಪಾಡಿಗೆ ತಾನು ಪೆಡಲ್ ತುಳಿಯುತ್ತಿತ್ತು. ನಾನು ಭಾನುವಾರದ ಆರಾಧನೆಯಲ್ಲಿ ಹೇಳಬೇಕಾದ ಪ್ರಸಂಗದೊಳಗೋ, ಇನ್ನೂ ಕಟ್ಟದ ಯಾವುದೋ ದೇವಾಲಯದ ಗಂಟೆಯ ನಾದದೊಳಗೋ ಇರುತ್ತಿದ್ದೆ. ಒಂದು ದಿನ ಹೀಗೇ ಹೊಲದ ಬದುವಿಗೆ ಹೋಗಿ ಧೊಪ್ಪೆಂದು ಬಿದ್ದೆ. ತೊಗರಿ ಸಾಲಿನೊಳಗಿಂದ ಕೂಲಿ ಹೆಂಗಸರ ತಲೆಗಳು ಒಂದೊಂದಾಗಿ ಮೇಲೆದ್ದವು.

"ಅಯ್ಯನೋರೆ, ಸೈಕಲ್ ಮ್ಯಾಲ ಕಣ್ಣ ಮುಚ್ಚಿ ಪ್ರಾರ್ಥನಾ ಮಾಡಾಕತ್ತಿದ್ರೇನ್ರಿ?" ಎಂದು ಒಬ್ಬಳು ಕೇಳಿದಳು. ಉಳಿದವರು ಸೆರಗು ಬಾಯಿಗಿಟ್ಟು ನಕ್ಕರು.

ಕೇಳಿದವಳು ಚಂದಮ್ಮ. ನಮ್ಮ ನಿಂಬರ್ಗಾ ಸಭೆಯವಳೇ. ಆಮೇಲೆ ಅವಳೇ ಬಂದು ಸೈಕಲ್ ಎತ್ತಿ ನಿಲ್ಲಿಸಿ, ಸೊಟ್ಟಗಾಗಿದ್ದ ಹ್ಯಾಂಡಲನ್ನು ಎರಡೂ ಕೈಯಿಂದ ತಿರುಚಿ ಸರಿಮಾಡಿಕೊಟ್ಟಳು. "ದಾರಿ ನೋಡಿ ಹೋಗ್ರಿ" ಎಂದು ಮತ್ತೆ ಸಾಲಿನೊಳಗೆ ಇಳಿದಳು.

ಆಳಂದ, ಅಫಜಲಪುರ, ಜೇವರ್ಗಿ, ಈ ಮೂರು ತಾಲೂಕುಗಳಲ್ಲಿ ನಾನು ಕ್ರೈಸ್ತ ಸಭಾಪಾಲಕನಾಗಿದ್ದೆ. ಈಗ ಈ ಸೇವೆಗೆ ಹೊಸದಾಗಿ ಸೇರುವ ಹುಡುಗರು, ಹುಡುಗಿಯರು ಮನೆಗೆ ಬಂದು "ನಿಮ್ಮ ಕಾಲದಾಗ ಸೇವಾ ಹೆಂಗಿತ್ರಿ ಅಯ್ಯನೋರೆ?" ಎಂದು ಕೇಳುತ್ತಾರೆ. ಎಲ್ಲೆಲ್ಲಿ ದೇವಾಲಯ ಕಟ್ಟಿಸಿದೆ, ಯಾರ್ಯಾರು ಶಾಲು ಹೊದಿಸಿದರು ಎನ್ನುವುದು ಅವರಿಗೂ ಬೇಡ, ನನಗೂ ಬೇಡ. ನಾನು ಹೇಳಬೇಕಾದದ್ದು ಒಂದೇ. ಒಬ್ಬ ಹೆಣ್ಣುಮಗಳನ್ನು ಪ್ರಭುವಿನ ಭೋಜನದ ಪಂಕ್ತಿಯಿಂದ ಆರು ತಿಂಗಳಿಗೆಂದು ಹೊರಗಿಟ್ಟೆ. ಆರು ತಿಂಗಳಾದ ಮೇಲೆ ನಾನೇ ಕರೆಯುತ್ತೇನೆಂದು ಮಾತು ಕೊಟ್ಟೆ. ಹನ್ನೊಂದು ವರ್ಷ ಕರೆಯಲಿಲ್ಲ.

ಪಂಕ್ತಿ ಎಂದರೇನೆಂದು ತಿಳಿಯದವರಿಗೆ ಒಂದು ಮಾತು. ರೊಟ್ಟಿಯ ಚೂರು, ದ್ರಾಕ್ಷಿಯ ರಸ. ಇಷ್ಟೇ ನೋಡುವುದಕ್ಕೆ. ನಿಂಬರ್ಗಾದಲ್ಲಿ ಅದು ಮೂರು ತಿಂಗಳಿಗೊಮ್ಮೆ. ಹಿಂದಿನ ದಿನವೇ ನನ್ನ ಹೆಂಡತಿ ರತ್ನಮ್ಮ ಒಣದ್ರಾಕ್ಷಿ ನೆನೆಹಾಕಿ, ಕುದಿಸಿ, ಬಿಳಿ ಬಟ್ಟೆಯಲ್ಲಿ ಸೋಸುತ್ತಿದ್ದಳು. ಉಪ್ಪು ಹಾಕದೆ ಚಪಾತಿ ಮಾಡಿ ಸಣ್ಣಗೆ ಹರಿದಿಡುತ್ತಿದ್ದಳು. ಮರುದಿನ ಜನ ಸ್ನಾನ ಮಾಡಿ, ತಲೆ ಮೇಲೆ ಸೆರಗು ಹೊದ್ದು, ಬರಿಗಾಲಲ್ಲಿ ಮುಂದೆ ಬಂದು ಸಾಲಾಗಿ ಮೊಣಕಾಲೂರುತ್ತಿದ್ದರು. ಹೊಲದ ಒಡೆಯನ ಅಂಗಳದಲ್ಲಿ ದೂರ ನಿಲ್ಲುವ ಮಂದಿ ಇಲ್ಲಿ ಒಬ್ಬರಿಗೊಬ್ಬರು ಭುಜ ತಾಗಿಸಿ ಕೂರುತ್ತಿದ್ದರು. ಅವರಿಗೆ ಆ ಚೂರು ರೊಟ್ಟಿ ಏನಾಗಿತ್ತೆಂದು ನಾನು ವಿವರಿಸಲಾರೆ. ಆ ದಿನ ಯಾರೂ ಜೋರಾಗಿ ಮಾತನಾಡುತ್ತಿರಲಿಲ್ಲ.

ಆಗ ನಮ್ಮ ಕೆಲಸದಲ್ಲಿ ಒಂದು ಪದ್ಧತಿ ಇತ್ತು. ನನಗೆ ಕೆಲಸ ಕಲಿಸಿದ ಹಿರಿಯ ಪಾಲಕರಿಂದ ಬಂದದ್ದು. ಪ್ರತಿ ವಾರ ಸಭೆಗೆ ಒಂದೇ ಒಂದು ಮಾತು ಕೊಡುವುದು. ಓದಲು ಬಾರದವರಿಗೂ ಬಾಯಿಪಾಠವಾಗುವಷ್ಟು ಚಿಕ್ಕದು. ಮುಂದಿನ ವಾರ ಮನೆಗೆ ಹೋದಾಗ "ನೆನಪದೇನು?" ಎಂದು ಕೇಳಬಾರದು, "ಏನು ಮಾಡಿದಿ?" ಎಂದು ಕೇಳಬೇಕು. ಒಂದು ವಾರ ನೆರೆಯವರ ಜೊತೆ ಸಮಾಧಾನವಾಗಿರುವ ಮಾತು ಕೊಟ್ಟಿದ್ದೆ. ಹೆಚ್ಚಿನವರು "ಆಯ್ತರಿ, ಅದೀವ್ರಿ ಸಮಾಧಾನದಾಗ" ಎಂದು ಕೈ ತೊಳೆದುಕೊಂಡರು. ಚಂದಮ್ಮ ಮಾತ್ರ, ಬಾವಿಕಟ್ಟೆಯ ಮೇಲೆ ಜಗಳಾಡಿ ತನ್ನ ಕೊಡ ಒಡೆದುಹಾಕಿದ್ದ ಹೆಂಗಸಿನ ಮನೆಗೆ ಏಳು ದಿನ ನೀರು ಹೊತ್ತು ಹಾಕಿದ್ದಳು.

"ಏಳು ದಿನ ಯಾಕ ಚಂದಮ್ಮ? ಒಂದಿನ ಸಾಕಾಗಿತ್ತಲ್ಲ" ಎಂದೆ.

"ನೀವು ವಾರದ ಮಾತು ಅಂದ್ರಲ್ರಿ" ಎಂದಳು.

ಹೇಳಿದ್ದನ್ನು ಹೇಳಿದಷ್ಟೇ ಮಾಡುವ ಹೆಣ್ಣು. ನಾನು ಅದನ್ನು ಆಳಂದದಲ್ಲಿ ನಡೆದ ಪಾಲಕರ ಕೂಟದಲ್ಲಿ ಉದಾಹರಣೆಯಾಗಿ ಹೇಳಿ ಚೆನ್ನಾಗಿ ತಲೆದೂಗಿಸಿಕೊಂಡೆ. ಮನೆಗೆ ಬಂದು ರತ್ನಮ್ಮನಿಗೂ ಹೇಳಿದೆ. ಅವಳು ಒಲೆಯ ಮುಂದಿನಿಂದ ತಲೆ ಎತ್ತದೆ, "ಊರ ಮಂದೀಗೆ ನೀವು ಕೇಳ್ತೀರಿ ಏನು ಮಾಡೀರಿ ಅಂತ. ನಿಮಗ ಯಾರು ಕೇಳ್ಬೇಕ್ರಿ?" ಎಂದಳು. ಸಂಜೆಯ ಕುಟುಂಬ ಪ್ರಾರ್ಥನೆಯನ್ನು ನಾನು ಶಾಲೆಯ ಹಾಜರಿ ಕೂಗಿದ ಹಾಗೆ ಮುಗಿಸುತ್ತಿದ್ದೆ. ನಮ್ಮ ಒಬ್ಬಳೇ ಮಗಳು ಕೃಪಾ ಆಗ ಚಿಕ್ಕವಳು. "ಆಮೆನ್" ಎನ್ನುವಷ್ಟರಲ್ಲಿ ಅವಳು ಅಂಗಳದಲ್ಲಿರುತ್ತಿದ್ದಳು. ನನ್ನ ಶಕ್ತಿಯೆಲ್ಲ ಸಭೆಗೆ ಖರ್ಚಾಗುತ್ತಿತ್ತು, ಮನೆಗೆ ಉಳಿದದ್ದು ಆಕಳಿಕೆ.

ಎಪ್ಪತ್ತರ ದಶಕದ ಕೊನೆಯ ಬೇಸಿಗೆಯಲ್ಲಿ ಚಂದಮ್ಮ ತನ್ನ ಮಗಳನ್ನು ತವರಿಗೆ ಕೊಟ್ಟಳು. ಗಾಣಗಾಪುರದ ಹತ್ತಿರದ ಹಳ್ಳಿಯಲ್ಲಿದ್ದ ಅವಳ ಅಣ್ಣ ಹಿಂದೂವಾಗಿಯೇ ಉಳಿದಿದ್ದ. ಹುಡುಗಿ ತೊಟ್ಟಿಲಲ್ಲಿದ್ದಾಗಲೇ ಅವನ ಮಗನಿಗೆಂದು ಮಾತಾಗಿತ್ತು. ಮದುವೆ ಅವರ ಪದ್ಧತಿಯಂತೆಯೇ ಆಯಿತು, ದೇವರ ಮನೆಯ ಮುಂದೆ, ಅಕ್ಕಿಕಾಳು ಹಾಕಿ. ಊರಿಗೆ ಮರಳಿದವಳೇ ಚಂದಮ್ಮ ನನ್ನ ಮನೆಗೆ ಬಂದು ತಾನಾಗಿಯೇ ಹೇಳಿದಳು. "ನಾನೂ ಅಕ್ಕಿಕಾಳ ಹಾಕೀನ್ರಿ. ಮಗಳ ತಲಿ ಮ್ಯಾಲ ಹಾಕದೆ ಹೆಂಗಿರಲಿ? ನೀವು ಏನಂತೀರಿ ಅನ್ರಿ."

ಮಗಳನ್ನು ಬೇರೆ ಧರ್ಮದ ಮನೆಗೆ ಕೊಡುವುದಕ್ಕೂ, ಅವರ ಪದ್ಧತಿಯಲ್ಲಿ ಕೂಡುವುದಕ್ಕೂ ನಮ್ಮ ಸಭೆಯ ಕಟ್ಟಳೆ ಒಪ್ಪುತ್ತಿರಲಿಲ್ಲ. ಆಗಿನ ನಮ್ಮ ಮೇಲ್ವಿಚಾರಕರು ಬಿಗಿ ಮನುಷ್ಯ, ಜೀಪಿನಿಂದ ಇಳಿದು ಚಪ್ಪಲಿ ಬಿಡುವ ಮೊದಲೇ "ಶಿಸ್ತು ಹೆಂಗದ?" ಎಂದು ಕೇಳುವವರು. ಸಭೆಯ ಹಿರಿಯ ಯೇಸಪ್ಪನನ್ನು ಕರೆದು ಕೇಳಿದೆ. "ಆರು ತಿಂಗಳ ಪಂಕ್ತಿ ನಿಲ್ಲಸ್ರಿ, ಸಾಕು. ಖರೇ ಹೇಳ್ಯಾಳ" ಎಂದ ಅವನು. ಭಾನುವಾರ ಎಲ್ಲರ ಮುಂದೆ ಚಂದಮ್ಮನನ್ನು ಎಬ್ಬಿಸಿ ನಿಲ್ಲಿಸಿದೆ. ಆಗ ನನ್ನ ದನಿಯಲ್ಲಿ ಒಂದು ಗತ್ತು ಇತ್ತು. ಈಗ ನೆನೆದರೆ ನಾಚಿಕೆಯಾಗುತ್ತದೆ.

"ಚಂದಮ್ಮ, ನಾ ಕರಿಯೋ ತನಕ ಪಂಕ್ತಿಗೆ ಬರಬ್ಯಾಡ. ಕ್ರಿಸ್ಮಸ್ ಪಂಕ್ತಿಗೆ ನಾನೇ ನಿನ್ನ ಹೆಸರ ಹಿಡಿದು ಕರೀತೇನಿ."

"ಆಯ್ತರಿ ಅಯ್ಯನೋರೆ" ಎಂದಳು. ಹೋಗಿ ಬಾಗಿಲ ಪಕ್ಕದಲ್ಲಿ ಕೂತಳು.

ಹೀಗೆ ಹೊರಗಿಟ್ಟವರ ಹೆಸರನ್ನು ಸಭೆಯ ಪುಸ್ತಕದಲ್ಲಿ ಬರೆಯಬೇಕು. ನಾನು ಬರೆಯಲಿಲ್ಲ. ಆರು ತಿಂಗಳ ಮಾತಿಗೆ ಆ ಒಳ್ಳೆಯ ಹೆಣ್ಣುಮಗಳ ಹೆಸರಿನ ಮುಂದೆ ಮಸಿ ಯಾಕೆ ಎಂದುಕೊಂಡೆ. ಅದು ಕರುಣೆ ಎಂದೇ ನಾನು ತಿಳಿದಿದ್ದೆ. ತಮ್ಮಂದಿರೇ, ತಂಗಿಯರೇ, ಇದೊಂದನ್ನು ಚೆನ್ನಾಗಿ ಕೇಳಿಸಿಕೊಳ್ಳಿ: ನನ್ನ ತಲೆಯನ್ನು ನಂಬಿ ನಾನು ಅವಳ ಭಾರವನ್ನು ಅಲ್ಲಿಟ್ಟೆ. ಆ ತಲೆ ಎಂಥದೆಂದು ನಿಮಗೆ ಆಗಲೇ ಹೇಳಿದ್ದೇನೆ.

ತೊಗರಿ ಹೂ ಬಿಡುವ ಹೊತ್ತಿಗೆ ವರ್ಗದ ಕಾಗದ ಬಂತು. ಅಫಜಲಪುರದ ಪಾಲಕರು ಹಾಸಿಗೆ ಹಿಡಿದಿದ್ದರು, ವಾರದೊಳಗೆ ಹೋಗಬೇಕು. ಸಾಮಾನು ಕಟ್ಟಲು ಚಂದಮ್ಮನೇ ಬಂದಳು. ರತ್ನಮ್ಮನ ಪಿಂಗಾಣಿ ಬಟ್ಟಲುಗಳನ್ನು ಒಂದೂ ಒಡೆಯದ ಹಾಗೆ ಜೋಳದ ರವದಿಯ ಒಣ ಎಲೆಗಳಲ್ಲಿ ಸುತ್ತಿಟ್ಟಳು. ಟೆಂಪೋ ಹೊರಡುವಾಗ ಅದರ ಹಲಗೆ ಹಿಡಿದುಕೊಂಡು ನನ್ನ ಮುಖವನ್ನೇ ನೋಡುತ್ತಾ ನಿಂತಿದ್ದಳು. ನನಗೆ ಆಗಲೇ ಕಣ್ಣ ಮುಂದೆ ಭೀಮಾ ನದಿ ಹರಿಯುತ್ತಿತ್ತು. ಎಲ್ಲರಿಗೂ ಕೈ ಎತ್ತಿ ಆಶೀರ್ವಾದ ಹೇಳಿದೆ, ಅವಳಿಗೂ ಅದರಲ್ಲೇ ಸೇರಿಸಿ ಹೇಳಿದೆ. ಟೆಂಪೋ ಹೊರಟಿತು.

ಅಫಜಲಪುರದ ವರ್ಷಗಳು ನನಗೆ ಈಗಲೂ ನೀರಿನ ಮೇಲೆ ನಡೆದ ಹಾಗೆ ನೆನಪಾಗುತ್ತವೆ. ಮಣ್ಣೂರಲ್ಲಿ ಚಳಿಗಾಲದ ಬೆಳಗು ಎಂದರೆ ನದಿಯೂ ಇಲ್ಲ, ದಂಡೆಯೂ ಇಲ್ಲ, ಬರೀ ಮಂಜು. ಅದರೊಳಗಿಂದ ದಮ್ಮಡಿಯ ಸದ್ದು, ಭಜನೆಯ ದನಿ. ಆಮೇಲೆ ಒಬ್ಬೊಬ್ಬರಾಗಿ ಮನುಷ್ಯರು ಮೂಡುತ್ತಿದ್ದರು. ಅಲ್ಲಿ ಒಮ್ಮೆ ದೀಕ್ಷಾಸ್ನಾನ ಕೊಡಲು ಒಬ್ಬ ಕೃಷಿಕನನ್ನು ನಡುಮಟ್ಟದ ನೀರಿಗೆ ಇಳಿಸಿ, ಅವನ ತಲೆಯ ಮೇಲೆ ಕೈಯಿಟ್ಟು ಪ್ರಾರ್ಥನೆ ಶುರುಮಾಡಿದೆ. ಕಣ್ಣು ಮುಚ್ಚಿದ್ದೇ ತಡ, ಪ್ರಾರ್ಥನೆ ಎಲ್ಲಿಗೆ ಹೋಯಿತೋ, ನಾನು ಎಲ್ಲಿಗೆ ಹೋದೆನೋ. ಬಹಳ ಹೊತ್ತಿನ ಮೇಲೆ ಕೈಯ ಕೆಳಗಿನ ತಲೆ ಅಲುಗಾಡಿತು.

"ಅಯ್ಯನೋರೆ, ಜರಾ ಲಗೂನ ಮುಣಗಸ್ರಿ. ಇನ್ನ ತಡಾ ಮಾಡಿದ್ರ ನಾ ಸೀದಾ ಪರಲೋಕಕ್ಕ ಹೋಗ್ತೇನಿ, ಥಂಡಿಗೆ" ಎಂದ ಅವನು, ಹಲ್ಲು ಕಟಕಟ ಅನ್ನಿಸುತ್ತ.

ದಂಡೆಯ ಮೇಲಿದ್ದವರೆಲ್ಲ ಬಿದ್ದು ಬಿದ್ದು ನಕ್ಕರು. ಇದನ್ನು ನಾನು ವರ್ಷಗಟ್ಟಲೆ ಎಲ್ಲ ಕೂಟಗಳಲ್ಲೂ ಹೇಳಿ ನಗಿಸಿದ್ದೇನೆ. ಕನಸುಗಾರ ಪಾಲಕ ಎಂದು ಹೆಸರೂ ಬಂತು. ನನಗೆ ಅದು ಇಷ್ಟವೇ ಆಗಿತ್ತು. ಅದೇ ಹೊತ್ತಿಗೆ ನಿಂಬರ್ಗಾದಲ್ಲಿ ಕ್ರಿಸ್ಮಸ್ ಬಂತು, ಹೋಯಿತು. ಈಸ್ಟರ್ ಬಂತು, ಹೋಯಿತು. ಒಬ್ಬಳು ಬಾಗಿಲ ಪಕ್ಕದಲ್ಲಿ ಕೂತೇ ಇದ್ದಳು.

ಕೆಲಸದ ರೀತಿಯೂ ಆ ವರ್ಷಗಳಲ್ಲಿ ಬದಲಾಯಿತು. ದಮ್ಮಡಿ, ಹಾರ್ಮೋನಿಯಂ ಇದ್ದ ಕಡೆ ಮೈಕ್ ಸೆಟ್ ಬಂತು. ಮನೆಮನೆಗೆ ಹೋಗಿ "ಏನು ಮಾಡಿದಿ?" ಎಂದು ಕೇಳುತ್ತಿದ್ದ ನಾನು ಮೈಕ್ ಮುಂದೆ ನಿಂತು ಮಾತನಾಡುವುದನ್ನು ಕಲಿತೆ. ಪ್ರಸಂಗಗಳನ್ನು ಕ್ಯಾಸೆಟ್ಟಿನಲ್ಲಿ ತುಂಬಿ ಹಳ್ಳಿಗಳಿಗೆ ಕಳಿಸಿದೆವು. ಮೈಕಿನ ದನಿ ನಾಲ್ಕು ಹೊಲಗಳಾಚೆ ಹೋಗುತ್ತಿತ್ತು, ನಿಜ. ಆದರೆ ಹೊಲದಲ್ಲಿದ್ದವರ ದನಿ ನನಗೆ ಕೇಳುವುದು ನಿಂತುಹೋಯಿತು.

ಐದನೆಯ ವರ್ಷವೋ ಆರನೆಯದೋ, ಚೌಡಾಪುರದ ಬಸ್ ನಿಲ್ಲುವ ಕಡೆ ಚಂದಮ್ಮ ಸಿಕ್ಕಳು. ಮಗಳ ಬಾಣಂತನಕ್ಕೆ ಬಂದಿದ್ದಳು; ಕಂಕುಳಲ್ಲಿ ಹಸುಗೂಸು ಮೊಮ್ಮಗಳು. ಬಿಸಿಲಿನಲ್ಲಿ ರಸ್ತೆ ಅಲುಗಾಡಿದಂತೆ ಕಾಣುತ್ತಿತ್ತು. ನನ್ನ ತಲೆಯ ತುಂಬ ಮುಂದಿನ ಊರಿನ ಪ್ರಸಂಗ. ಅವಳು ಸೆರಗು ಸರಿಮಾಡಿಕೊಂಡು ನನ್ನ ಮುಂದೆ ಬಂದು ನಿಂತಳು. ಮಳೆ ಹೇಗೆ, ಬೆಳೆ ಹೇಗೆ ಎಂದು ಕೇಳಿದೆ. ಹೇಳಿದಳು. ಮತ್ತೂ ನಿಂತೇ ಇದ್ದಳು.

"ಅಯ್ಯನೋರೆ, ನನಗೇನರ ಹೇಳೋದು ಅದೇನ್ರಿ?" ಎಂದಳು.

ಕೂಸಿಗೆ ಆಶೀರ್ವಾದ ಕೇಳುತ್ತಿದ್ದಾಳೆ ಎಂದುಕೊಂಡೆ. ಅದರ ತಲೆ ಮುಟ್ಟಿ ಪ್ರಾರ್ಥನೆ ಮಾಡಿದೆ. ಅಷ್ಟರಲ್ಲಿ ಬಸ್ಸು ಬಂತು. ಮೆಟ್ಟಿಲು ಹತ್ತುತ್ತಾ, "ಸಭಾಕ್ಕ ತಪ್ಪದಂಗ ಹೋಗಾಕತ್ತೀಯಿಲ್ಲ ಚಂದಮ್ಮ?" ಎಂದು ಕೇಳಿದೆ.

"ಹೋಗ್ತೇನ್ರಿ. ಒಂದೂ ಐತ್ವಾರ ತಪ್ಪಿಲ್ರಿ" ಎಂದಳು.

"ಶಾಬಾಶ್" ಎಂದೆ. ದೇವರೇ, ನಾನು ಶಾಬಾಶ್ ಎಂದೆ.

ಆಮೇಲೆ ಜೇವರ್ಗಿಗೆ ಬಂದೆವು. ಕೃಪಾ ಓದಿ ಶಾಲೆಯ ಟೀಚರ್ ಆದಳು. ತೊಂಬತ್ತರ ಸುಮಾರಿಗೆ, ಒಂದು ಮಧ್ಯಾಹ್ನ ಊಟದ ಹೊತ್ತಿಗೆ ತಟ್ಟೆಯ ಮೇಲೆ ಕೈಯಿಟ್ಟು ಕೂತು, ತನ್ನ ಜೊತೆಗೆ ಕೆಲಸ ಮಾಡುವ ಸಿದ್ಧಾರ್ಥನನ್ನು ಮದುವೆಯಾಗುತ್ತೇನೆ ಎಂದಳು. ಅವನದು ಬೌದ್ಧರ ಮನೆ. ನಾನು ಕೂಗಾಡಿದೆ. ಮನೆಯಲ್ಲಿ ನಾನು ಅಷ್ಟು ಎತ್ತರದ ದನಿಯಲ್ಲಿ ಮಾತನಾಡಿದ್ದು ಅದೇ ಮೊದಲು.

ಅವಳು ಅಳಲಿಲ್ಲ. "ಅಪ್ಪಾ, ಇಪ್ಪತ್ತು ವರ್ಷ ನೀ ನನಗ ಏನರ ಕೇಳೀಯೇನು, ಏನು ಮಾಡಿದಿ, ಹೆಂಗದಿ ಅಂತ? ಇವತ್ತು ಒಮ್ಮೆಲೆ ಕೇಳಾಕತ್ತೀದಿ" ಎಂದಳು.

ಹುಡುಗ ಮನೆಗೆ ಬಂದ, ಹೋದ. ತಲೆ ತಗ್ಗಿಸಿ ಮಾತನಾಡುವ ಒಳ್ಳೆಯ ಹುಡುಗ. ಕೊನೆಗೆ ಒಪ್ಪಿದೆ. ಗುಲ್ಬರ್ಗಾದಲ್ಲಿ ನೋಂದಣಿ ಮದುವೆಯಾಯಿತು. ಅವನ ಮನೆಯವರು ಬಿಳಿ ಬಟ್ಟೆ ಉಟ್ಟು ತಮ್ಮ ವಂದನೆ ಹೇಳಿದರು. ನಾನೂ ಕೈಮುಗಿದು ನಿಂತಿದ್ದೆ. ಕಟ್ಟಳೆ ಹಾಗೆಯೇ ಇತ್ತು, ಅಳಿಸಿರಲಿಲ್ಲ. ಆದರೆ ಸಭೆಯ ಹಿರಿಯರು ಬಂದು ಹೋಳಿಗೆ ಉಂಡು ಹೋದರು. ಹೊಸ ಮೇಲ್ವಿಚಾರಕರು ನನಗಿಂತ ಚಿಕ್ಕವರು, ಮೃದು ಮನುಷ್ಯ. "ಕಾಲ ಬದಲಾಗೇದ ಅಯ್ಯನೋರೆ, ಬಿಡ್ರಿ" ಎಂದು ಹೆಗಲು ತಟ್ಟಿದರು. ಯಾರೂ ನನ್ನನ್ನು ಎಬ್ಬಿಸಿ ನಿಲ್ಲಿಸಲಿಲ್ಲ. ನನಗೆ ಹಾಯೆನಿಸಿತು.

ಮುಂದಿನ ಪಂಕ್ತಿಯ ಹಿಂದಿನ ದಿನ. ಶನಿವಾರದ ಮಧ್ಯಾಹ್ನ. ರತ್ನಮ್ಮ ಬಟ್ಟೆಯಲ್ಲಿ ದ್ರಾಕ್ಷಿ ಹಿಂಡುತ್ತಿದ್ದಳು. ನಾನು ಕಿಟಕಿಯ ಬಳಿ ಕೂತು ಎಲ್ಲೋ ತೇಲುತ್ತಿದ್ದೆ.

"ನಾಳೆ ಪಂಕ್ತಿ ನೀವೇ ನಡಸ್ತೀರೇನ್ರಿ?" ಎಂದಳು.

"ಮತ್ತ್ಯಾರು ನಡಸ್ಬೇಕು?"

"ಅಲ್ರಿ, ಇದೇ ಮಾತಿಗೆ ನಿಂಬರ್ಗಾದಾಗ ಚಂದಮ್ಮನ ಹೊರಗ ಹಾಕಿದ್ರಿ. ನೆಪ್ಪದೇನು?"

"ಆರು ತಿಂಗಳ ಅಷ್ಟ. ಆಮ್ಯಾಗ..."

"ಆಮ್ಯಾಗ ಕರೆದ್ರಿ?"

ಕ್ರಿಸ್ಮಸ್, ಟೆಂಪೋ, ಹಲಗೆ ಹಿಡಿದ ಕೈ, ಚೌಡಾಪುರದ ಬಿಸಿಲು, "ಹೇಳೋದು ಅದೇನ್ರಿ?" ಎಲ್ಲ ಒಟ್ಟಿಗೆ ಬಂದು ಎದೆಯ ಮೇಲೆ ಕೂತವು. ರತ್ನಮ್ಮ ನನ್ನ ಮುಖ ನೋಡಿ ಹಿಂಡುವುದನ್ನು ನಿಲ್ಲಿಸಿದಳು. ಅವಳು ಚುಚ್ಚಲೆಂದು ಕೇಳಿದ ಮಾತು. ಉತ್ತರ ಹೀಗಿರಬಹುದೆಂದು ಅವಳಿಗೂ ತಿಳಿದಿರಲಿಲ್ಲ. "ಅಯ್ಯೋ ದೇವರೆ, ಕರದೇ ಇಲ್ಲೇನ್ರಿ?" ಎಂದಳು. ಮರುದಿನ ಪಂಕ್ತಿ ಮುಂದಕ್ಕೆ ಹಾಕಿದೆ. ಆ ವಾರದ ಮೊದಲ ಬಸ್ಸಿಗೆ ಹೊರಟೆ.

ದಾರಿಯುದ್ದಕ್ಕೂ ನನಗೆ ನಾನೇ ಸಮಾಧಾನ ಹೇಳಿಕೊಂಡೆ. ನನ್ನ ನಂತರ ಬಂದ ಪಾಲಕರು ಕರೆದಿರುತ್ತಾರೆ. ಅವಳು ತಾನೇ ಬಂದಿರುತ್ತಾಳೆ. ಹನ್ನೊಂದು ವರ್ಷ ಯಾರು ಕಾಯುತ್ತಾರೆ? ನಿಂಬರ್ಗಾದಲ್ಲಿ ಇಳಿದವನು ಮೊದಲು ಯೇಸಪ್ಪನ ಮನೆಗೆ ಹೋದೆ. ಅವನಿಗೆ ವಯಸ್ಸಾಗಿತ್ತು, ಕಣ್ಣು ಮಂಜಾಗಿತ್ತು, ಆದರೆ ದನಿಯಿಂದ ಗುರುತು ಹಿಡಿದ.

"ಚಂದಮ್ಮ ಏನ್ರಿ? ಆಕಿ ಪಂಕ್ತಿಗೆ ಬರಂಗಿಲ್ರಿ. ನಿಮ್ಮ ಹಿಂದ ಮೂರು ಮಂದಿ ಅಯ್ಯನೋರು ಬಂದು ಹೋದ್ರು, ಮೂವರೂ ಕರೆದ್ರು. ತಡೆದವರು ಕರೀತೇನಿ ಅಂದಾರ, ಅವರೇ ಕರೀಲಿ ಅಂತಾಳ."

"ನನಗ ಯಾಕ ಒಂದು ಮಾತು ತಿಳಸಲಿಲ್ಲ ಯೇಸಪ್ಪ?"

"ನಿಮಗ ನೆಪ್ಪದ ಅಂತ ತಿಳಿದೇವ್ರಿ. ನೀವು ಬೇಕಂತಲೇ ಕರೀಲಿಲ್ಲ, ಏನೋ ಇರ್ಬೇಕು ಅಂತ ತಿಳಿದೇವ್ರಿ" ಎಂದ.

ಅಂದರೆ ಇಡೀ ಸಭೆ ಹನ್ನೊಂದು ವರ್ಷ ಅವಳಲ್ಲಿ ಏನೋ ಪಾಪ ಇದೆ ಎಂದು ತಿಳಿದಿತ್ತು.

ಚಂದಮ್ಮ ಕಣದಲ್ಲಿದ್ದಳು. ಬಡಿದ ತೊಗರಿಯನ್ನು ಮೊರದಲ್ಲಿ ಎತ್ತರಕ್ಕೆ ಹಿಡಿದು ತೂರುತ್ತಿದ್ದಳು. ಹೊಟ್ಟು ಇಳಿಬಿಸಿಲಿನಲ್ಲಿ ಬಂಗಾರದ ಬಣ್ಣಕ್ಕೆ ತಿರುಗಿ ತೇಲುತ್ತಿತ್ತು, ಅವಳು ಅದರ ನಡುವೆ ಇದ್ದಳು. ಅರ್ಧ ಕಂಡಳು, ಅರ್ಧ ಕಾಣಲಿಲ್ಲ. ನಾನು ಇನ್ನೂ ಬಸ್ಸಿನಲ್ಲೇ ತೂಕಡಿಸುತ್ತಿದ್ದೇನೋ ಏನೋ ಎನಿಸಿತು. ಕೂದಲು ಬೆಳ್ಳಗಾಗಿತ್ತು. ಕೊರಳು ಬರಿದಾಗಿತ್ತು, ಗಂಡ ತೀರಿಕೊಂಡದ್ದು ನನಗೆ ಗೊತ್ತಿರಲಿಲ್ಲ. ನನ್ನನ್ನು ನೋಡಿ ಮೊರ ಇಳಿಸಿದಳು. ಅವಳ ಮುಖದಲ್ಲಿ ಒಮ್ಮೆಲೇ ಬೆಳಕು ಬಂತು.

"ಕರಿಯಾಕ ಬಂದ್ರೇನ್ರಿ ಅಯ್ಯನೋರೆ?"

"ಹೌದು ಚಂದಮ್ಮ."

"ನನ್ನ ಪಾಪ ತೀರಿತೇನ್ರಿ?"

ಹೌದು ಎಂದುಬಿಟ್ಟಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಅವಳು ಕುಣಿದಾಡುತ್ತಿದ್ದಳು. ನಾನು ದೊಡ್ಡವನಾಗಿಯೇ ಬಸ್ಸು ಹತ್ತುತ್ತಿದ್ದೆ. ಆ ಸುಳ್ಳು ನಾಲಿಗೆಯ ತುದಿಗೆ ಬಂದಿತ್ತು ಎಂಬುದನ್ನು ಮುಚ್ಚಿಡುವುದಿಲ್ಲ.

"ಪಾಪಾ ಏನಿಲ್ಲ. ನಾ ಮರತೆ. ನಿನ್ನ ಕರಿಯೋದು ಮರತುಬಿಟ್ಟೆ. ಅಷ್ಟ" ಎಂದೆ.

"ಮರತ್ರಿ?"

"ಹೌದು."

ಅವಳು ಕಾಳಿನ ರಾಶಿಯ ಪಕ್ಕ ಕುಕ್ಕರಿಸಿದಳು. ಮೊದಮೊದಲು ತನಗೆ ತಾನೇ ಹೇಳಿಕೊಳ್ಳುವವಳ ಹಾಗೆ ಮೆಲ್ಲಗೆ ಮಾತನಾಡಿದಳು. "ಕ್ರಿಸ್ಮಸ್ ಬಂತು, ಕರೀಲಿಲ್ಲ. ನನ್ನೊಳಗ ಇನ್ನೂ ಏನೋ ಪಾಪ ಅದ, ಅಯ್ಯನೋರಿಗೆ ಕಂಡದ ಅಂತ ಹುಡಕಿದೆ. ಅತ್ತಿಗಿ ಕೂಡ ಮಾತು ಬಿಟ್ಟಿದ್ದೆ, ಹೋಗಿ ಕಾಲ ಮುಟ್ಟಿ ಮಾತಾಡಿಸಿದೆ. ಮರುವರ್ಷಾನೂ ಕರೀಲಿಲ್ಲ. ಮತ್ತ ಹುಡಕಿದೆ. ಗಂಡಗ ಎದುರ ಮಾತಾಡೋದು ಬಿಟ್ಟೆ. ಚೌಡಾಪುರದಾಗ ನೀವು ಸಿಕ್ರಿ, ನಾನೇ ಕೇಳಿದೆ, ನೀವು ಏನೂ ಹೇಳಲಿಲ್ಲ. ಇನ್ನೂ ಅದ ಅಂತ ತಿಳಿದೆ." ಆಮೇಲೆ ಅವಳ ದನಿ ಏರಿತು. "ನನ್ನ ಗಂಡಗ ಕಡೀ ಪಂಕ್ತಿ ಕೊಟ್ಟಾಗ ಬಾಜೂಕ ಕುಂತಿದ್ದೆ. ನೀನೂ ತಗೋ ಬೇ, ಕೂಡಿ ತಗೊಳ್ಳೋಣ ಅಂತ ಅಂವ ಅತ್ತ. ನಾ ತಗೊಳ್ಳಿಲ್ಲ! ನೀವು ಕರೆದಿಲ್ಲ ಅಂತ ತಗೊಳ್ಳಿಲ್ಲ! ಮರತೇನಿ ಅಂತೀರಿ? ಹನ್ನೊಂದು ವರ್ಷರೀ ಅಯ್ಯನೋರೆ!"

ಮೊರವನ್ನು ಬೀಸಿ ಒಗೆದಳು. ಅದು ನನ್ನ ಕಾಲ ಬಳಿ ಬಂದು ಬಿತ್ತು. ಕಣದಲ್ಲಿದ್ದ ಉಳಿದ ಹೆಂಗಸರು ಕೈ ನಿಲ್ಲಿಸಿ ನಿಂತರು. ಕ್ಷಮಿಸು ಎನ್ನುವುದನ್ನು ನಾನು ಸಾವಿರ ಸಲ ಬೋಧಿಸಿದ್ದೆ, ಆದರೆ ಅಲ್ಲಿ ಆ ಮಾತು ನನ್ನ ಬಾಯಿಂದ ಹೊರಡಲಿಲ್ಲ. ಮೊರ ಎತ್ತಿ ಅವಳ ಪಕ್ಕದಲ್ಲಿಟ್ಟು, ನಾನೂ ಹೊಟ್ಟಿನ ಮೇಲೆ ಕೂತೆ. ಸೂರ್ಯ ಇಳಿಯುವ ತನಕ ಇಬ್ಬರೂ ಅಲ್ಲೇ ಕೂತಿದ್ದೆವು.

ಭಾನುವಾರದ ತನಕ ಯೇಸಪ್ಪನ ಮನೆಯಲ್ಲೇ ಉಳಿದೆ. ಅಲ್ಲಿ ಆಗಿದ್ದ ಯುವ ಪಾಲಕರಿಗೆ ಎಲ್ಲ ಹೇಳಿ, ಪಂಕ್ತಿ ನಡೆಸಲು ಕೇಳಿಕೊಂಡೆ. ಸಭೆಯ ಮುಂದೆ ನಿಂತು ನಾನು ಮಾಡಿದ್ದನ್ನು ಹೇಳಿದೆ: ಚಂದಮ್ಮನಲ್ಲಿ ಏನೂ ಇರಲಿಲ್ಲ, ಇದ್ದದ್ದು ನನ್ನ ಮರೆವು, ಅವಳ ಮಗಳ ಮದುವೆಗಾಗಿ ಅವಳನ್ನು ಪಂಕ್ತಿಯಿಂದ ತಡೆದೆ, ನನ್ನ ಮಗಳ ಮದುವೆಗೆ ನನ್ನನ್ನು ನಾನು ತಡೆದುಕೊಳ್ಳಲಿಲ್ಲ. ಆಮೇಲೆ ಅವಳ ಹೆಸರು ಹಿಡಿದು ಕರೆದೆ.

ಅವಳು ಬಾಗಿಲ ಪಕ್ಕದಿಂದ ಎದ್ದಳು. ತಲೆಯ ಮೇಲೆ ಸೆರಗೆಳೆದುಕೊಂಡು ನಡೆದು ಬಂದಳು. ಹತ್ತು ಹೆಜ್ಜೆಯ ದಾರಿ ಅದು. ನನಗೆ ಈಗಲೂ ಅವಳು ನಡೆಯುತ್ತಲೇ ಇದ್ದಾಳೆ. ರೊಟ್ಟಿಯ ಚೂರು ಅಂಗೈಗೆ ಬಿದ್ದಾಗ ಅವಳು ಅದನ್ನು ಬಹಳ ಹೊತ್ತು ನೋಡಿದಳು. ಸಭೆಯಲ್ಲಿ ಅಳದವರು ಇರಲಿಲ್ಲ. ನಾನು ಹೋಗಿ ಅವಳು ಬಿಟ್ಟ ಜಾಗದಲ್ಲಿ ಕೂತೆ. ಅವಳು ಕರೆಯುವ ತನಕ ನಾನೂ ಪಂಕ್ತಿ ತೆಗೆದುಕೊಳ್ಳುವುದಿಲ್ಲ ಎಂದು ಎಲ್ಲರ ಮುಂದೆ ಹೇಳಿಬಿಟ್ಟಿದ್ದೆ. ಆಗಲೇ ಕರೆಯುತ್ತಾಳೆ ಎಂದು ಒಳಗೊಳಗೆ ನಂಬಿಯೂ ಇದ್ದೆ.

ಆರಾಧನೆ ಮುಗಿಯಿತು. ಅವಳು ಚಪ್ಪಲಿ ಮೆಟ್ಟಿಕೊಳ್ಳಲು ನನ್ನ ಪಕ್ಕ ಬಾಗಿದಳು. "ನೋಡ್ತೇನ್ರಿ ಅಯ್ಯನೋರೆ" ಎಂದಳು. ಹೋಗಿಬಿಟ್ಟಳು.

ಜೇವರ್ಗಿಯ ಸಭೆಗೂ ಇದನ್ನು ತಿಳಿಸಿದೆ. ಎಲ್ಲರಿಗೂ ಬಡಿಸುತ್ತಿದ್ದೆ, ನಾನು ತೆಗೆದುಕೊಳ್ಳುತ್ತಿರಲಿಲ್ಲ. ಮೇಲ್ವಿಚಾರಕರು ಬಂದು "ಇದ್ಯಾವ ಹೊಸಾ ಕಟ್ಟಳೆ ಹಚ್ಚೀರಿ?" ಎಂದರು. ಎಲ್ಲ ಹೇಳಿದೆ. ಚಹಾ ಕುಡಿದು ಎದ್ದುಹೋದರು. ಮೊದಲ ಸಲ ಅಷ್ಟು ಕಷ್ಟವಾಗಲಿಲ್ಲ. ಎರಡನೆ ಸಲ ತಟ್ಟೆಯಲ್ಲಿ ಉಳಿದ ಚೂರನ್ನು ನೋಡುತ್ತ ನಿಂತುಬಿಟ್ಟೆ. ನನ್ನೊಳಗೆ ಇನ್ನೇನಿದೆಯೋ ಎಂದು ನಾನೂ ಹುಡುಕತೊಡಗಿದೆ, ಹುಡುಕಿದಷ್ಟೂ ಸಿಕ್ಕಿತು. ಸಂಜೆಯ ಹೊತ್ತು ಕೃಪಾ, ಸಿದ್ಧಾರ್ಥ ಬಂದಾಗ ರತ್ನಮ್ಮ ವಾರದ ಮಾತು ಹೇಳಿ "ಏನು ಮಾಡಿದ್ರಿ?" ಎಂದು ಮೊದಲು ನನ್ನನ್ನೇ ಕೇಳುತ್ತಿದ್ದಳು. ಉತ್ತರವಿಲ್ಲದ ವಾರಗಳಲ್ಲಿ ನಾನು ಸುಮ್ಮನೆ ಇರುತ್ತಿದ್ದೆ. ಒಂದು ದಿನ ಸಿದ್ಧಾರ್ಥ "ಮಾವಾ, ಹಿಂಗ ಸುಮ್ಮ ಕುಂದ್ರೋದೂ ನಮ್ಮ ಕಡೆ ಸಾಧನಾನೇರಿ" ಎಂದ. ಕೃಪಾ ನಕ್ಕಳು. ಆ ಮನೆಯಲ್ಲಿ ನಾನು ಎಚ್ಚರವಾಗಿ ಕೂತು ಕೇಳಿದ ಮೊದಲ ನಗು ಅದು.

ಮಳೆಗಾಲದ ಕೊನೆಯ ಪಂಕ್ತಿ. ಬಾಗಿಲ ಹೊರಗೆ ಜಿಟಿಜಿಟಿ ಹನಿ. ಸಾಲುಗಳೆಲ್ಲ ಬಂದು ಹೋದವು, ಕೊನೆಯದಾಗಿ ಒಬ್ಬಳೇ ಹೆಂಗಸು ನಡೆದು ಬಂದಳು. ಸೀರೆ ಮೊಣಕಾಲ ತನಕ ಒದ್ದೆ, ಕಾಲಿನ ತುಂಬ ಕರಿಮಣ್ಣು. ಕೈಯಲ್ಲಿ ತಟ್ಟೆ ಹಿಡಿದು ಅವಳ ಅಂಗೈಗೆ ಕಾದೆ. ಅಂಗೈ ಮುಂದೆ ಬರಲಿಲ್ಲ. ತಲೆ ಎತ್ತಿ ನೋಡಿದೆ. ಚಂದಮ್ಮ.

"ಇನ್ನ ಸಿಟ್ಟು ಪೂರಾ ಹೋಗಿಲ್ರಿ" ಎಂದಳು, ಎಲ್ಲರಿಗೂ ಕೇಳುವ ಹಾಗೆ. "ಆದ್ರ ಎರಡು ಬಸ್ ಬದಲಿ ಮಾಡಿ ಬಂದೇನಿ. ಮೊದಲ ನೀವು ತಗೋರಿ ಅಯ್ಯನೋರೆ. ಕರೀತೇನಿ. ನಾ ಮರಿಯೋಕಿ ಅಲ್ಲ."